ರೋಗವಿಲ್ಲದವರಿಗೇಕೆ ತಪಾಸಣೆ?

ಪ್ರತಿ ವರ್ಷ ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ಮರುದಿನವೇ ಧರ್ಮಸಭೆಯು ಸಂತ ಅಗಾಥಳನ್ನು ಸ್ಮರಿಸುತ್ತದೆ. ಸ್ತನ ಕ್ಯಾನ್ಸರಿನಿಂದ ಬಳಲುವವರ ಪಾಲಕ ಸಂತಳು ಆಕೆ. ಫೆಬ್ರವರಿ 11ರಂದು ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ರೋಗಿಗಳ ವಿಶ್ವ ದಿನ. ಈ ದಿನಗಳಲ್ಲಿ ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ರೋಗ ತೋರುವ ಮೊದಲೇ ಮಾಡಬೇಕಾದುದರ ಕುರಿತು ಮಾತ್ರ ನಮ್ಮ ಪ್ರವಚನ ಪೀಠಗಳು ಮೌನವಾಗಿವೆ.

ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರುಗಳಿಗಾಗಿ 30ರಿಂದ 65 ವಯಸ್ಸಿನವರನ್ನು 5 ವರ್ಷಗಳಿಗೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಗರ್ಭಕಂಠದ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇಕಡಾ 1.9, ಸ್ತನ ತಪಾಸಣೆಗೆ ಒಳಗಾದವರು ಶೇಕಡಾ ಒಂದೂ ಇಲ್ಲ.

ಬಡತನ, ದೂರ, ಸೌಕರ್ಯದ ಕೊರತೆ ಇವೆಲ್ಲ ಕಾರಣಗಳೇ. ಆದರೆ ವಿದ್ಯೆಯೂ ಅನುಕೂಲವೂ ಇರುವ ನಮ್ಮ ಕುಟುಂಬಗಳಲ್ಲಿ ಬೇರೆಯೇ ಮಾತು ಕೇಳಿಬರುತ್ತದೆ. ಕೆದಕಿದರೆ ರೋಗ ಹೊರಬರುತ್ತದೆ ಎಂಬ ಭಯ. ಸಂಕೋಚ. ಮಕ್ಕಳ ಮದುವೆ, ಮನೆಯ ಸಾಲ ಎಲ್ಲ ಮುಗಿದ ಮೇಲೆ ತನ್ನ ದೇಹದ ಸರದಿ ಎಂಬ ತಾಯಿಯ ಲೆಕ್ಕಾಚಾರ. ಇದನ್ನು ತ್ಯಾಗವೆಂದು ಹೊಗಳುವವರೂ ನಾವೇ. ಕಡೆಯದಾಗಿ, ದೇವರು ಬರೆದಷ್ಟು ದಿನ ಎಂಬ ಸಮಾಧಾನ.

ಈ ಕಡೆಯ ಮಾತನ್ನು ಭಕ್ತಿಯೆಂದು ಒಪ್ಪಲು ನಮಗೆ ಸಾಧ್ಯವಿಲ್ಲ. ಸಂತ ಥಾಮಸ್ ಅಕ್ವೀನಾಸರು ವಿವೇಕವೆಂಬ ಸದ್ಗುಣವನ್ನು ವಿಶ್ಲೇಷಿಸುವಾಗ ಮುಂದಾಲೋಚನೆಯನ್ನು ಅದರ ಪ್ರಧಾನ ಅಂಗವೆಂದು ಎಣಿಸುತ್ತಾರೆ. ಅದಕ್ಕೆ ಅವರು ಬಳಸುವ ಲತೀನ್ ಪದ 'ಪ್ರೊವಿದೆಂತಿಯಾ'. ದೇವರ ಪರಿಪಾಲನೆಗೂ ಇದೇ ಪದ! ಒಂದರ ಹೆಸರಿನಲ್ಲಿ ಮತ್ತೊಂದನ್ನು ತಳ್ಳಿಹಾಕುವುದು ತರ್ಕಕ್ಕೂ ನಿಲ್ಲದು, ವಿಶ್ವಾಸಕ್ಕೂ ಒಪ್ಪದು. ಮಹಾಪಾಪ ಸಂಭವಿಸುವವರೆಗೆ ಕಾಯದೆ ಪ್ರತಿ ರಾತ್ರಿ ಆತ್ಮಸಾಕ್ಷಿಯನ್ನು ಶೋಧಿಸಬೇಕೆಂದು ಪ್ರಥಮ ಪರಮಪ್ರಸಾದದ ಮಕ್ಕಳಿಗೆ ಕಲಿಸುವವರು ನಾವಲ್ಲವೇ?

ಈ ತಪಾಸಣೆಗಳಿಗೆ ಬೇಕಾದುದು ಅಲ್ಪ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಮರಣ ಸುಮಾರು ಮೂರನೆಯ ಒಂದು ಪಾಲು ಇಳಿದಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸ್ತ್ರೀಯರಲ್ಲಿ ವಿನೆಗರ್ ಲೇಪಿಸಿ ಗರ್ಭಕಂಠವನ್ನು ಪರೀಕ್ಷಿಸಿದಾಗ ಮರಣ ಶೇಕಡಾ 31ರಷ್ಟು ತಗ್ಗಿತೆಂದು 2013ರಲ್ಲಿ ವರದಿಯಾಯಿತು. ಪರೀಕ್ಷಿಸಿದವರು ತಜ್ಞ ವೈದ್ಯರಲ್ಲ, ತರಬೇತಿ ಹೊಂದಿದ ಸಾಮಾನ್ಯ ಕಾರ್ಯಕರ್ತೆಯರು. ನಮ್ಮ ಗಂಡಸರಲ್ಲಿ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಎಷ್ಟು ಸಾಮಾನ್ಯವೆಂದು ಹೇಳಬೇಕಾಗಿಲ್ಲ. ಭಾರತದ ಪುರುಷರಲ್ಲಿ ಅತಿ ಹೆಚ್ಚಾಗಿ ಕಾಣುವುದು ಬಾಯಿ ಕ್ಯಾನ್ಸರೇ.

ಹಾಗೆಂದು ಸಿಕ್ಕ ಪರೀಕ್ಷೆಗಳನ್ನೆಲ್ಲ ಮಾಡಿಸುವುದೂ ವಿವೇಕವಲ್ಲ. ಅಮೆರಿಕದಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್, 45ರಿಂದ ದೊಡ್ಡ ಕರುಳಿನ ಪರೀಕ್ಷೆ ಎಂಬ ಶಿಫಾರಸು ಇದೆ. ಅಲ್ಲಿರುವ ಮಕ್ಕಳು ಊರಿಗೂ ಅದನ್ನೇ ಬರೆಯುತ್ತಾರೆ. ಕರುಳಿನ ಕ್ಯಾನ್ಸರ್ ನಮ್ಮಲ್ಲಿ ಅಷ್ಟು ವ್ಯಾಪಕವಲ್ಲದ ಕಾರಣ ನಮ್ಮ ಕಾರ್ಯಕ್ರಮದಲ್ಲಿ ಅದಿಲ್ಲ. ರಕ್ತಸಂಬಂಧಿಗಳಲ್ಲಿ ರೋಗವಿದ್ದವರ ಲೆಕ್ಕ ಬೇರೆ. ಅವರು ವೈದ್ಯರನ್ನು ಬೇಗನೆ ಕಾಣಬೇಕು. ಸಾವಿರಾರು ರೂಪಾಯಿಯ 'ಪ್ಯಾಕೇಜು'ಗಳಲ್ಲಿ ಸೇರಿಸುವ ಹಲವು ರಕ್ತಪರೀಕ್ಷೆಗಳು ಆರೋಗ್ಯವಂತರಲ್ಲಿ ಸುಳ್ಳು ಭಯ ಹುಟ್ಟಿಸುವುದೇ ಹೆಚ್ಚು.

ವರ್ಷಕ್ಕೊಂದು ವೈದ್ಯಕೀಯ ಶಿಬಿರ ನಡೆಸುವ ಧರ್ಮಕೇಂದ್ರಗಳು ನಮ್ಮಲ್ಲಿ ಹಲವು. ರಕ್ತದೊತ್ತಡ, ಸಕ್ಕರೆ, ಕಣ್ಣು, ಅಲ್ಲಿಗೆ ಮುಗಿಯಿತು. ಬಾಯಿ ನೋಡಲು ಒಳ್ಳೆಯ ಬೆಳಕು ಮತ್ತು ಒಬ್ಬ ದಂತವೈದ್ಯರು ಸಾಕು. ಸ್ತ್ರೀಯರಿಗೆ ಪರದೆಯುಳ್ಳ ಕೋಣೆ, ವೈದ್ಯೆ ಇಲ್ಲವೇ ತರಬೇತಿ ಪಡೆದ ದಾದಿ ಬೇಕು. ಹೆಸರು ಬರೆಸುವುದನ್ನು ಊರೆಲ್ಲ ನೋಡುವಂತಿರಬಾರದು. ಇನ್ನು, ಬಾಯಲ್ಲಿ ಬಿಳಿ ಮಚ್ಚೆ ಕಂಡವನಿಗೆ ಚೀಟಿ ಕೊಟ್ಟು ಕಳುಹಿಸಿದರೆ ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಜಿಲ್ಲಾಸ್ಪತ್ರೆಗಾಗಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಅವನ ಜತೆ ಬಸ್ಸು ಹತ್ತುವವರು ಬೇಕು. ರೋಗಿಗಳ ಮನೆಗೆ ಅಕ್ಕಿ, ಔಷಧಿ ಒಯ್ಯುವ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಮುಂದಿನ ಶಿಬಿರಕ್ಕೆ ಮೊದಲೇ ಅಂಥ ಹತ್ತು ಹೆಸರುಗಳ ಪಟ್ಟಿ ಸಿದ್ಧಪಡಿಸಲಿ.