ಕಣ್ಣಿನ ತುರಿಕೆ: ಉಜ್ಜಿದಷ್ಟೂ ಕೇಡು

ಜೋಳ, ಕಡಲೆಯ ರಾಶಿ ಮುಗಿದು ಬಿಸಿಲು ಏರತೊಡಗಿದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಗಾಳಿಯಲ್ಲಿ ಹೊಟ್ಟು, ದೂಳು ತೇಲಾಡುತ್ತವೆ. ಇಂತಹ ಬಿಸಿ, ಒಣಹವೆಯ ಸೀಮೆಗಳಲ್ಲಿ ಮಕ್ಕಳನ್ನು, ಅದರಲ್ಲೂ ಗಂಡುಮಕ್ಕಳನ್ನು, ಹೆಚ್ಚಾಗಿ ಕಾಡುವ ಕಣ್ಣಿನ ಅಲರ್ಜಿಯೊಂದಿದೆ. ವೈದ್ಯರು ಇದನ್ನು ‘ವರ್ನಲ್ ಕೆರಟೋಕಂಜಕ್ಟಿವೈಟಿಸ್’ ಎನ್ನುತ್ತಾರೆ. ತಡೆಯಲಾರದ ತುರಿಕೆ, ಕೆಂಪು, ಎಳೆ ಎಳೆಯಾಗಿ ಬರುವ ಗೀಜು, ಬೆಳಕು ನೋಡಲಾಗದಿರುವುದು ಇದರ ಲಕ್ಷಣಗಳು. ಸಾಮಾನ್ಯ ಕಣ್ಣುಬೇನೆಯಂತೆ ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಒಗ್ಗದ ಕಣ ತಾಗಿದೊಡನೆ ರೆಪ್ಪೆಯ ಒಳಪದರದ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತವೆ. ತುರಿಕೆ ಹುಟ್ಟುವುದು ಅದರಿಂದಲೇ. ಆಮೇಲೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಇವುಗಳನ್ನು ಕರೆಯುವವರಾರು?

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ರಕ್ತನಾಳಗಳಿಲ್ಲ. ನೋಡಲು ಬರಿಯ ಗಾಜಿನಂತಿದ್ದರೂ ಅದು ಸುಮ್ಮನೆ ಕೂರುವುದಿಲ್ಲ. 2000ರ ಸುಮಾರಿಗೆ ಜಪಾನಿನ ಯಾಮಾಗುಚಿ ವಿಶ್ವವಿದ್ಯಾಲಯದ ಸಂಶೋಧಕರು ಕಾರ್ನಿಯಾದ ನಡುಪದರದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರು. ಅಲರ್ಜಿಯ ವೇಳೆ ಹೊರಡುವ ಇಂಟರ್‌ಲ್ಯೂಕಿನ್-4, ಇಂಟರ್‌ಲ್ಯೂಕಿನ್-13 ಮುಂತಾದ ಸಂಕೇತಗಳು ತಲುಪಿದಾಗ ಆ ಕೋಶಗಳು ಇಯೊಟಾಕ್ಸಿನ್ ಎಂಬ ವಸ್ತುವನ್ನು ತಯಾರಿಸಿದವು. ಇಯೊಸಿನೊಫಿಲ್‌ಗಳಿಗೆ ಅದೇ ಕರೆಯೋಲೆ! ಹಾಗೆ ಬಂದ ಕಣಗಳು ಹೊರಬಿಡುವ ಪ್ರೋಟೀನು ಕಾರ್ನಿಯಾದ ಹೊರಪದರವನ್ನೇ ಸವೆಸುತ್ತದೆ.

ಈ ಹೊರಪದರ ಹೊಲದ ಬೇಲಿಯಿದ್ದಂತೆ. ಅದು ಗಟ್ಟಿಯಿದ್ದರೆ ಸಂಕೇತಗಳು ಒಳಗೆ ಇಳಿಯುವುದು ಕಷ್ಟ. ಬೇಲಿ ಹರಿದರೆ ಸಂಕೇತ ಒಳಹೋಗಿ, ಮತ್ತಷ್ಟು ಕಣಗಳು ಬಂದು, ಬೇಲಿ ಇನ್ನಷ್ಟು ಹರಿಯುತ್ತದೆ. ಕಣ್ಣು ಉಜ್ಜುವ ಮಗು ತನ್ನ ಕೈಯಾರೆ ಮಾಡುವ ಕೆಲಸವೂ ಇದೇ. ಕೆಲವರಲ್ಲಿ ಕಾರ್ನಿಯಾದ ಮೇಲೆ ಹುಣ್ಣಾಗುತ್ತದೆ. ವರ್ಷಗಟ್ಟಲೆ ಉಜ್ಜುತ್ತಿದ್ದರೆ ಅದು ತೆಳುವಾಗಿ ಮುಂದಕ್ಕೆ ಉಬ್ಬುವ ಅಪಾಯವೂ ಉಂಟು.

ತುರಿಕೆ ಎದ್ದಾಗ ಶುದ್ಧ ನೀರಿನಲ್ಲಿ ತೋಯಿಸಿದ ತಣ್ಣನೆಯ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಡಬೇಕು. ದೂಳಿನಲ್ಲಿ ಹೋಗುವಾಗ ಕನ್ನಡಕ, ಟೊಪ್ಪಿಗೆ ಇರಲಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬೇಡವೇ ಬೇಡ.

ಇನ್ನೊಂದು ಎಚ್ಚರ ಬಹುಮುಖ್ಯ. ಒಮ್ಮೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಹನಿಯನ್ನೇ ಔಷಧಿ ಅಂಗಡಿಯಿಂದ ಮತ್ತೆ ಮತ್ತೆ ತಂದು ಹಾಕುವುದುಂಟು. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಸಾಯಬಹುದು, ಪೊರೆ ಬರಬಹುದು. ಸತ್ತ ನರ ಮರಳಿ ಬಾರದು. ಸ್ಟೀರಾಯ್ಡ್ ಇಲ್ಲದ ಹನಿಗಳೂ ಇವೆ. ಯಾವುದು, ಎಷ್ಟು ದಿನ ಎಂಬುದನ್ನು ನೇತ್ರತಜ್ಞರೇ ಹೇಳಬೇಕು.

ಹೆಚ್ಚಿನ ಮಕ್ಕಳಲ್ಲಿ ಹರೆಯ ಬರುವಷ್ಟರಲ್ಲಿ ಈ ಕಾಟ ತಾನಾಗಿ ತಗ್ಗುತ್ತದೆ. ಅಲ್ಲಿಯವರೆಗೆ ದೃಷ್ಟಿಯನ್ನು ಕಾಪಾಡಿಕೊಳ್ಳುವುದು ಹಿರಿಯರ ಹೊಣೆ.