ಆಟಿಸಂ ಉಳ್ಳ ಮಕ್ಕಳೂ ನಮ್ಮ ಪಾಠಶಾಲೆಗಳೂ

ಕಳೆದ ವಾರ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಸರ್ಕಾರದ ಇಲಾಖೆಯೊಂದರಲ್ಲಿ ಗುಮಾಸ್ತರು. ಏಳು ವರ್ಷದ ಬಾಲಕನ ತಂದೆ. ಒಂದೇ ವರ್ಷದಲ್ಲಿ ಮೂರು ಶಾಲೆಗಳವರು ಈ ಬಾಲಕನನ್ನು ಹಿಂದಕ್ಕೆ ಕಳುಹಿಸಿರುವರು. ಕರೆದರೆ ತಿರುಗಿ ನೋಡುವುದಿಲ್ಲ, ಕೇಳಿದ ಪ್ರಶ್ನೆಯನ್ನೇ ಮರಳಿ ಹೇಳುತ್ತಾನೆ, ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ: ಇವು ಅವನ ಮೇಲಣ ಆರೋಪಗಳು. ಕೊನೆಯ ಶಾಲೆಯ ಮುಖ್ಯಾಧ್ಯಾಪಕರು ಒಂದು ಸಲಹೆಯನ್ನೂ ದಯಪಾಲಿಸಿದರಂತೆ: ‘ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷಿನಲ್ಲಿಯೇ ಮಾತನಾಡಿಸಿ, ಆಮೇಲೆ ನೋಡೋಣ.’ ಆ ತಂದೆಯು ನಮ್ಮಿಂದ ಧನಸಹಾಯವನ್ನು ಬೇಡಲಿಲ್ಲ. ‘ನನ್ನ ಮಗ ಮಾಡಿದ ತಪ್ಪೇನು, ಅದನ್ನಾದರೂ ಬರೆಯಿರಿ ಸ್ವಾಮಿ’ ಎಂದು ಹೇಳಿ ಹೊರಟುಹೋದರು. ಈ ಪ್ರಶ್ನೆಗೆ ಉತ್ತರವೀಯುವುದು ನಮ್ಮ ಕರ್ತವ್ಯವೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ.

ಬಾಲಕನಿಗಿರುವುದು ಆಟಿಸಂ. ಕೆಲವರು ಇದನ್ನು ‘ಸ್ವಲೀನತೆ’ ಎಂದು ಕನ್ನಡಿಸಿರುವರು. ಶಬ್ದವು ಶಾಸ್ತ್ರೀಯವೇ ಸರಿ. ಆದರೆ ತನ್ನಲ್ಲಿಯೇ ಲೀನವಾದ ಮಗುವಿಗೆ ಪರರ ಗೊಡವೆಯೇ ಬೇಕಿಲ್ಲವೆಂಬ ತಪ್ಪು ಭಾವನೆಗೆ ಅದು ಎಡೆಗೊಡುತ್ತದೆ. ವಾಸ್ತವದಲ್ಲಿ ಇದು ಮೆದುಳಿನ ಬೆಳವಣಿಗೆಯ ಒಂದು ಭೇದ. ಅಂಟುವ ರೋಗವಲ್ಲ, ಬುದ್ಧಿಮಾಂದ್ಯಕ್ಕೆ ಪರ್ಯಾಯನಾಮವೂ ಅಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯರಾದ ಲಿಯೋ ಕ್ಯಾನರ್ ಎಂಬವರು ಇಂತಹ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದ 127 ಜನರಲ್ಲಿ ಒಬ್ಬರು ಈ ಸ್ಥಿತಿಯವರು. ಈ ಲೆಕ್ಕ ಹಿಡಿದರೆ ಲಕ್ಷ ಜನರ ಪಟ್ಟಣವೊಂದರಲ್ಲಿ 700ಕ್ಕೂ ಮಿಕ್ಕಿ ಇಂತಹವರಿರಬೇಕು. ಅವರೆಲ್ಲರೂ ಎಲ್ಲಿರುವರು? ನಮ್ಮ ಶಾಲೆಗಳಲ್ಲಿ ಕಾಣುವುದು ಕೆಲವರೇ. ಉಳಿದವರಲ್ಲಿ ಬಹುಮಂದಿ ನೆರೆಯವರ ಕಣ್ಣಿಗೆ ಬೀಳದಂತೆ ಒಳಮನೆಯಲ್ಲಿ ಬೆಳೆಯುತ್ತಿರುವರು.

ಹೀಗೆ ಬಚ್ಚಿಡುವುದಕ್ಕೆ ಕಾರಣ ಲೋಕಾಪವಾದ. ಅದು ಮೊದಲು ಬೀಳುವುದು ತಾಯಿಯ ಮೇಲೆ. ಗ್ರಹಣಕಾಲದಲ್ಲಿ ಹೊರಗೆ ಬಂದಳು, ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೆಡಿಸಿದಳು, ಉದ್ಯೋಗದ ಆಸೆಯಿಂದ ಮಗುವನ್ನು ಕಡೆಗಣಿಸಿದಳು ಎಂದು ಬಂಧುಗಳೇ ಆಡಿಕೊಳ್ಳುವರು. ಇದು ನಮ್ಮ ದೇಶದ ಅಜ್ಞಾನವೆಂದು ಮಾತ್ರ ತಿಳಿಯಬಾರದು. ಪಾಶ್ಚಾತ್ಯ ವಿದ್ವಾಂಸರೂ ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಮೂಲವೆಂದು ಹಲವು ವರ್ಷ ಸಾಧಿಸಿದರು. ಬ್ರೂನೋ ಬೆಟಲ್‌ಹೈಮ್ ಎಂಬವರು 1967ರಲ್ಲಿ ಆ ವಾದಕ್ಕಾಗಿ ದೊಡ್ಡ ಗ್ರಂಥವನ್ನೇ ರಚಿಸಿದರು. ಅದಕ್ಕೂ ಮುನ್ನ, 1964ರಲ್ಲಿ, ಸ್ವತಃ ಇಂತಹ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞರು ಇದರ ಮೂಲವು ದೇಹದಲ್ಲಿಯೇ ಇದೆಯೆಂದು ವಾದಿಸಿದ್ದರು. ಕಾಲವು ಅವರ ಪಕ್ಷವನ್ನೇ ಎತ್ತಿಹಿಡಿಯಿತು. ವಂಶವಾಹಿಗಳ ಪಾತ್ರವೇ ಇದರಲ್ಲಿ ಹಿರಿದೆಂದು ಇಂದು ಶಾಸ್ತ್ರವು ಹೇಳುತ್ತಿದೆ. ಲಸಿಕೆಯಿಂದ ಆಟಿಸಂ ಉಂಟಾಗುವುದೆಂಬ ಶಂಕೆಯನ್ನು ಹುಟ್ಟಿಸಿದ 1998ರ ಲೇಖನವನ್ನು, ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ತಾಯಂದಿರನ್ನು ಹಳಿಯುವವರು ಇನ್ನಾದರೂ ಬಾಯಿ ಮುಚ್ಚಿಕೊಳ್ಳುವುದು ಲೇಸು.

ಇನ್ನು ಮಗುವಿನ ‘ಹಟ’ದ ವಿಷಯ. ನಮ್ಮ ಕಿವಿಗೆ ಸಾಧಾರಣವಾಗಿರುವ ಕುಕ್ಕರಿನ ಸೀಟಿಯಾಗಲಿ, ಮದುವೆಮನೆಯ ವಾಲಗವಾಗಲಿ, ಶಾಲೆಯ ಗಂಟೆಯಾಗಲಿ ಇಂತಹ ಮಗುವಿಗೆ ಸಹಿಸಲಾಗದ ನೋವಾಗಿರಬಹುದು. ಹೊಸ ಅಂಗಿಯ ಒರಟು ಹೊಲಿಗೆ ಮೈಗೆ ಮುಳ್ಳಿನಂತಾಗಬಹುದು. ದಿನಚರಿಯು ಮುನ್ಸೂಚನೆಯಿಲ್ಲದೆ ಬದಲಾದರೆ ಕಾಲ ಕೆಳಗಿನ ನೆಲವೇ ಸರಿದಂತಾಗಬಹುದು. ಆ ಸಂಕಟವನ್ನು ಮಾತಿನಲ್ಲಿ ತಿಳಿಸಲಾರದ ಮಗು ಚೀರುತ್ತದೆ, ನೆಲಕ್ಕೆ ಬೀಳುತ್ತದೆ. ನಾವು ಅದನ್ನು ಮೊಂಡತನವೆಂದು ಕರೆದು ಬೆತ್ತವನ್ನು ಹುಡುಕುತ್ತೇವೆ! ಕೇಳಿದ ಮಾತನ್ನು ಮರಳಿ ಹೇಳುವುದೂ ಅಣಕವಲ್ಲ. ಹಲವು ಮಕ್ಕಳಿಗೆ ಅದೇ ಮಾತಿನ ಮೊದಲ ಮೆಟ್ಟಲು. ‘ನೀರು ಬೇಕಾ?’ ಎಂದು ಮಗುವೇ ಬಂದು ಕೇಳಿದರೆ, ತನಗೆ ನೀರು ಬೇಕೆಂದು ಹೇಳುತ್ತಿರಬಹುದೆಂದು ತಿಳಿಯುವಷ್ಟು ವಿವೇಕ ಹಿರಿಯರಲ್ಲಿರಬೇಕು. ಮಗುವಿನ ನಡತೆಯೇ ಅದರ ಭಾಷೆ. ಅದನ್ನು ಮೊದಲು ಕಲಿಯತಕ್ಕವರು ನಾವು.

ಕನ್ನಡವನ್ನು ಬಿಡಬೇಕೆಂಬ ಸಲಹೆಗೆ ಬರೋಣ. ಎರಡು ಭಾಷೆಗಳ ನಡುವೆ ಬೆಳೆದುದರಿಂದ ಆಟಿಸಂ ಉಳ್ಳ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲವೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಅಜ್ಜಿಯ ಲಾಲಿ, ಅಂಗಳದ ಆಟ, ಅಡುಗೆಮನೆಯ ಕರೆ ಎಲ್ಲವೂ ಕನ್ನಡದಲ್ಲಿರುವ ಮನೆಯಲ್ಲಿ ತಂದೆತಾಯಿಗಳು ತಮಗೇ ಸಲೀಸಾಗಿ ಬಾರದ ಇಂಗ್ಲಿಷಿನ ನಾಲ್ಕು ತುಂಡು ಮಾತುಗಳನ್ನು ಮಗುವಿನ ಮುಂದಿಟ್ಟರೆ ಆಗುವುದೇನು? ಮೊದಲೇ ಸಂಗ ದುರ್ಲಭವಾದ ಮಗುವಿಗೆ ತಾಯಿಯ ಸಹಜ ಮಾತೂ ತಪ್ಪುವುದು. ಈ ಉಪದೇಶವು ಪಾಂಡಿತ್ಯದ ಫಲವಲ್ಲ, ದಾಸ್ಯದ ಶೇಷ. ಪರರ ಆಳಿಕೆಯು 1947ರಲ್ಲಿಯೇ ತೊಲಗಿತು. ಮಾತು ಬಾರದ ಮಗುವಿನ ತೊಟ್ಟಿಲಿನಿಂದಲೂ ಅದನ್ನು ತೊಲಗಿಸತಕ್ಕದ್ದು.

ಶಾಲೆಗಳವರು ‘ನಮ್ಮಲ್ಲಿ ಅನುಕೂಲವಿಲ್ಲ’ ಎನ್ನುವರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಈ ಉತ್ತರವನ್ನು ಒಪ್ಪುವುದಿಲ್ಲ. ಅದು ಮಾನ್ಯಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅನುದಾನವನ್ನೋ ಮಾನ್ಯತೆಯನ್ನೋ ಪಡೆದ ಶಾಲೆಗಳು ಭೇದವೆಣಿಸದೆ ಇಂತಹ ಮಕ್ಕಳನ್ನು ಸೇರಿಸಿಕೊಂಡು, ಅವರವರ ಅಗತ್ಯಕ್ಕೆ ತಕ್ಕ ಏರ್ಪಾಡು ಮಾಡಬೇಕೆಂಬುದು ಅದರ ವಿಧಿ. ಶೇಕಡ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18ನೆಯ ವಯಸ್ಸಿನವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ವಿದ್ಯಾಭ್ಯಾಸದ ಹಕ್ಕಿದೆ. ಪ್ರಾಥಮಿಕ ಶಾಲೆಯಲ್ಲಿ ಇಂತಹ 10 ಮಕ್ಕಳಿಗೊಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕನಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಸೂಚಿಸಿತು. ಶಿಕ್ಷಕರನ್ನು ನೇಮಿಸದೆ ಶಾಲೆಗಳಿಗೆ ಬರಿಯ ಸುತ್ತೋಲೆ ಕಳುಹಿಸುವ ಅಧಿಕಾರಿಗಳೂ ಈ ದೋಷದಲ್ಲಿ ಪಾಲುದಾರರೆಂಬುದನ್ನು ನಾವು ಮುಚ್ಚಿಡಲಾರೆವು. ಆದರೆ ಎಲ್ಲಕ್ಕೂ ಹಣವೇ ಬೇಕೆಂದಿಲ್ಲ. ಗಂಟೆಯಿಂದ ದೂರವಾದ ಮೂಲೆಯಲ್ಲಿ ಒಂದು ಆಸನ, ದಿನದ ಕೆಲಸಗಳನ್ನು ಕ್ರಮವಾಗಿ ತೋರಿಸುವ ಚಿತ್ರಪಟ, ಒಂದು ಬಾರಿಗೆ ಒಂದೇ ಸೂಚನೆ, ಜೊತೆಗೊಬ್ಬ ಸಹಪಾಠಿ: ಇವುಗಳಿಗೆ ಯಾವ ಬಜೆಟ್ಟು ಬೇಕು?

ತಂದೆತಾಯಿಗಳಿಗೂ ಎರಡು ಮಾತು. ವರ್ಷ ತುಂಬಿದ ಮಗು ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳಿಟ್ಟು ತೋರಿಸದಿದ್ದರೆ, ಕಲಿತ ಮಾತು ಮರೆಯಾದರೆ, ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಕಾಲಹರಣ ಮಾಡಬಾರದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನಾಡಿನಲ್ಲಿಯೇ ಇವೆ. ಆಟಿಸಂ ಅನ್ನು ತೊಡೆದುಹಾಕುವ ಔಷಧವಿಲ್ಲ. ಮಾತು, ಆಟ, ನಿತ್ಯಕರ್ಮಗಳ ತಾಳ್ಮೆಯ ಶಿಕ್ಷಣದಿಂದ ಮಗುವಿನ ಬಾಳು ಹಗುರವಾಗುವುದು. ಲಕ್ಷಾಂತರ ರೂಪಾಯಿ ಪಡೆದು ಗುಣಪಡಿಸುವೆವೆನ್ನುವವರನ್ನು ಮಂತ್ರವಾದಿಗಳ ಸಾಲಿನಲ್ಲಿಯೇ ಎಣಿಸತಕ್ಕದ್ದು. ಸ್ಟೆಮ್ ಸೆಲ್ ಚಿಕಿತ್ಸೆಯು ಇದಕ್ಕೆ ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ತಿಳಿಸಿರುವುದು.

ಈ ಮಕ್ಕಳೆಲ್ಲರೂ ಗಣಿತ ಸಂಗೀತಗಳಲ್ಲಿ ಅದ್ಭುತ ಪ್ರತಿಭಾಶಾಲಿಗಳೆಂದು ಹೊಗಳುವವರೂ ಉಂಟು. ಅದು ಇನ್ನೊಂದು ಬಗೆಯ ಅನ್ಯಾಯ. ಕೆಲವರು ವಿದ್ಯಾವಂತರಾಗಿ ಉದ್ಯೋಗ ಹಿಡಿಯುವರು. ಕೆಲವರಿಗೆ ಜೀವನಪರ್ಯಂತ ಪರರ ಆಸರೆ ಬೇಕಾಗುವುದು. ‘ನಮ್ಮ ತರುವಾಯ ಇವನಿಗೆ ಯಾರು?’ ಎಂಬ ಚಿಂತೆಯಿಂದ ನಿದ್ದೆಗೆಟ್ಟ ತಂದೆತಾಯಿಗಳು ಊರೂರಿನಲ್ಲಿರುವರು. ಇಂತಹವರಿಗಾಗಿಯೇ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಜಿಲ್ಲೆಯ ದಂಡಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಗೆ ಪಾಲಕರನ್ನು ನೇಮಿಸುವ ಅಧಿಕಾರವನ್ನು ಕೊಟ್ಟಿದೆ. ಆ ಸಮಿತಿಯು ಕಾಗದದ ಮೇಲೆ ಮಾತ್ರ ಉಳಿಯದಂತೆ ನೋಡಿಕೊಳ್ಳಬೇಕೆಂದು ನಮ್ಮ ಜಿಲ್ಲಾಧಿಕಾರಿಗಳನ್ನು ವಿನಯಪೂರ್ವಕವಾಗಿ, ಆದರೆ ಒತ್ತಿ, ಕೇಳಿಕೊಳ್ಳುತ್ತೇವೆ. ಪ್ರತಿಭೆಯಿದ್ದವನಿಗೆ ಮಾತ್ರ ಆಸನ ಕೊಡುವುದು ಸಭೆಯ ಮರ್ಯಾದೆಯಾಗಬಹುದು, ಶಾಲೆಯ ಧರ್ಮವಾಗಲಾರದು. ಗಾಂಧೀಜಿಯವರು ಸಾರಿದ ಸರ್ವೋದಯದಲ್ಲಿ ‘ಸರ್ವ’ ಎಂಬ ಶಬ್ದದ ಹೊರಗೆ ಈ ಬಾಲಕನನ್ನು ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ.

ಆ ತಂದೆಯ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ತಮ್ಮ ಮಗನು ಯಾವ ತಪ್ಪನ್ನೂ ಮಾಡಿಲ್ಲ. ತಪ್ಪು ಬಾಗಿಲನ್ನು ಮುಚ್ಚಿದವರದು, ಅದನ್ನು ನೋಡಿಯೂ ಸುಮ್ಮನಿದ್ದ ನಮ್ಮೆಲ್ಲರದು. ಮುಂದಿನ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವಾಗ ನಮ್ಮ ಪಟ್ಟಣದ ಒಂದು ಶಾಲೆಯಾದರೂ ಆ ಬಾಲಕನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವುದೆಂದು ನಂಬಿದ್ದೇವೆ.