ಚೆಂಡು ಬರುವುದಕ್ಕೆ ಮುಂಚೆ

ಎಣ್ಣೂರಿನ ಕಡೆಯ ನಮ್ಮ ಮನೆಗಳಲ್ಲಿ ಕಾಲ್ಚೆಂಡಿನ ಹುಚ್ಚು ಹಿಡಿದ ಮಕ್ಕಳು ಕಡಿಮೆಯೇನಲ್ಲ. ಅವರ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಹುಡುಗ ಹಿತ್ತಿಲ ಗೋಡೆಗೆ ಒದ್ದು ಗಂಟೆಗಟ್ಟಲೆ ಚೆನ್ನಾಗಿ ಆಡುತ್ತಾನೆ. ಪಂದ್ಯದಲ್ಲಿ ಎದುರಾಳಿ ಮೈಮೇಲೆ ಬಂದೊಡನೆ ಚೆಂಡನ್ನು ಎಲ್ಲಿಗೋ ತೂರಿ ಕೈತೊಳೆದುಕೊಳ್ಳುತ್ತಾನೆ. ಇದಕ್ಕೆ ಪುಕ್ಕಲುತನವೆಂದು ಹೆಸರಿಟ್ಟು ಮನೆಯಲ್ಲಿ ಗದರಿಸುವುದೂ ಉಂಟು.

ಪುಕ್ಕಲುತನವಲ್ಲವೆಂದು ನಾವು ಹೇಳುತ್ತೇವೆ. ಗೋಡೆಗೆ ಕಾಲಿಲ್ಲ, ಅದು ಅಟ್ಟಿಸಿಕೊಂಡು ಬರುವುದಿಲ್ಲ. ಗೋಡೆಯೊಡನೆ ಆಡುವಾಗ ಚೆಂಡೊಂದನ್ನೇ ನೋಡಿದರೆ ಸಾಕು. ಬಯಲಿನಲ್ಲಿ ಅಷ್ಟು ಸಾಲದು. ಚೆಂಡು ಕಾಲಿಗೆ ಬಂದ ಮೇಲೆ ತಲೆಯೆತ್ತಿ ನೋಡುವ ಹುಡುಗನಿಗೆ ಮೊದಲು ಕಾಣುವುದು ಎದುರಾಳಿಯ ಮೊಣಕಾಲು. ಆಗ ಹೆದರದವರು ಯಾರು? ನಾರ್ವೆಯ ಗೈರ್ ಯೋರ್ಡೆಟ್ ಎಂಬ ವಿದ್ವಾಂಸರು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಆಟಗಾರರ ಕಣ್ಣು ಕತ್ತುಗಳನ್ನೇ ಬೆನ್ನಟ್ಟಿ ನೋಡಿದರು. ಚೆಂಡು ಬರುವುದಕ್ಕೆ ಮುಂಚೆ ಹೆಗಲ ಮೇಲಿಂದ ಹೆಚ್ಚು ಸಲ ಹಿಂತಿರುಗಿ ನೋಡುವವರ ಪಾಸುಗಳೇ ಹೆಚ್ಚಾಗಿ ಗುರಿ ಮುಟ್ಟುತ್ತವೆಂದು ಅವರಿಗೆ ಕಂಡುಬಂತು.

ಇದನ್ನು ಕಲಿಸುವುದು ಹೇಗೆ? ‘ನೋಡು, ನೋಡು’ ಎಂದು ಕಿರುಚಿದರೆ ಮಗು ನಮ್ಮನ್ನೇ ನೋಡುತ್ತದೆ. ಚೆಂಡು ಪಡೆಯುವ ಹುಡುಗನ ಬೆನ್ನ ಹಿಂದೆ ಹಿರಿಯರೊಬ್ಬರು ನಿಂತು ಬೆರಳುಗಳನ್ನು ಎತ್ತಿ ಹಿಡಿಯಲಿ. ಚೆಂಡು ಕಾಲಿಗೆ ಮುಟ್ಟುವ ಮೊದಲು ಎಷ್ಟು ಬೆರಳೆಂದು ಅವನು ಕೂಗಿ ಹೇಳಬೇಕು. ನಾಲ್ಕು ದಿನದಲ್ಲಿ ಕತ್ತು ತಾನಾಗಿ ತಿರುಗುತ್ತದೆ. ಮೈಯನ್ನು ಅರ್ಧ ತೆರೆದು ನಿಂತು, ದೂರದ ಕಾಲಿನಿಂದ ಚೆಂಡು ಹಿಡಿಯುವುದು, ಮೊದಲ ಸ್ಪರ್ಶದಲ್ಲೇ ಅದನ್ನು ಎದುರಾಳಿಯಿಂದ ಆಚೆಗೆ ಸರಿಸುವುದು, ಇವೆಲ್ಲ ಅನಂತರದ ಪಾಠ. ಕೊಡುವವನಿಗೂ ಒಂದು ಮಾತು: ಮೆತ್ತಗಿನ ಪಾಸು ಸ್ನೇಹಿತನಿಗೆ ಉಪಕಾರವಲ್ಲ. ಅದು ತಲುಪುವಷ್ಟರಲ್ಲಿ ಎದುರಾಳಿಯೂ ಅಲ್ಲಿಗೆ ಬಂದಿರುತ್ತಾನೆ.

ಆಮೇಲೆ ಎಂಟು ಹೆಜ್ಜೆಯ ಚೌಕ ಗೀಚಿ ನಾಲ್ಕು ಮೂಲೆಗೆ ನಾಲ್ವರನ್ನೂ ನಡುವೆ ಒಬ್ಬನನ್ನೂ ನಿಲ್ಲಿಸಿರಿ. ಸ್ಪೇನಿನವರು ಇದನ್ನು ‘ರೊಂಡೊ’ ಎನ್ನುತ್ತಾರೆ. 1988ರಿಂದ 1996ರವರೆಗೆ ಬಾರ್ಸಿಲೋನಾದ ತರಬೇತುದಾರರಾಗಿದ್ದ ಯೋಹಾನ್ ಕ್ರೈಫ್ ಅವರಿಗೆ ಇದರಲ್ಲಿ ಬಹಳ ನಂಬಿಕೆ. ನಡುವಿನವನು ಮೊದಲು ಕೈಕಟ್ಟಿ ನಡೆಯಲಿ, ಅನಂತರ ಓಡಲಿ, ಕೊನೆಗೆ ಇಬ್ಬರಾಗಲಿ. ಚೆಂಡು ಕಳೆದುಕೊಂಡವನು ನಡುವೆ ಹೋಗಬೇಕೆಂಬುದು ರೂಢಿ. ಇಲ್ಲಿ ನಮ್ಮದೊಂದು ತಕರಾರುಂಟು. ಹಾಗೆ ಬಿಟ್ಟರೆ ಎಲ್ಲರಿಗಿಂತ ಸೋತ ಮಗುವೇ ಸದಾ ನಡುವೆ ಓಡುತ್ತಿರುತ್ತದೆ. ಕಲಿಯಬೇಕಾದವನಿಗೇ ಚೆಂಡು ಸಿಗುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವನು ಬಯಲಿಗೆ ಬರುವುದನ್ನೇ ಬಿಡುತ್ತಾನೆ. ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಬದಲಿಸಿರಿ.

ಇಕ್ಕಟ್ಟಿನ ಜಾಗಕ್ಕಾಗಿ ನಾವು ಅಳಬೇಕಾಗಿಲ್ಲ. ನಮ್ಮ ಉತ್ತರ ಚೆನ್ನೈಯ ವ್ಯಾಸರಪಾಡಿಯ ಕಿರಿದಾದ ಬಯಲುಗಳಲ್ಲಿ ಆಡಿದ ಧನಪಾಲ್ ಗಣೇಶ್, 2017-18ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದ ಚೆನ್ನೈಯಿನ್ ತಂಡದಲ್ಲಿದ್ದರು. ಇನ್ನು ನಮ್ಮ ಬೆಂಗಳೂರಿನ ಅಹಮದ್ ಖಾನ್! 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಪಾಲು ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 1-2ರಿಂದ ಸೋತ ತಂಡದಲ್ಲಿ ಅವರಿದ್ದರು. 1952ರಲ್ಲಿ ಯುಗೋಸ್ಲಾವಿಯ 10 ಗೋಲು ಹೊಡೆದಾಗ ಭಾರತದ ಒಂದೇ ಗೋಲು ಅವರದು. ಈಸ್ಟ್ ಬೆಂಗಾಲಿನ ಪಂಚಪಾಂಡವರಲ್ಲಿ ಒಬ್ಬರಾಗಿದ್ದ ಅವರನ್ನು ಜನ ಹಾವಾಡಿಗನೆಂದು ಕರೆಯುತ್ತಿದ್ದರು. ಚೆಂಡು ಅವರ ಕಾಲಿನ ಮಾತು ಕೇಳುತ್ತಿತ್ತು.

ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಬೆನ್ನ ಹಿಂದೆ ಎದುರಾಳಿ ಬಂದರೆ ಜೊತೆಯವರು ಕೂಗಿ ಎಚ್ಚರಿಸಬೇಕು. ತಮಿಳು ಹುಡುಗ ‘ಆಳ್ ವರಾನ್’ ಎನ್ನುತ್ತಾನೆ. ನಮ್ಮವನು ‘ಆಳು ಬಂದ’ ಎನ್ನುತ್ತಾನೆ. ಆಳು ಎರಡರಲ್ಲೂ ಒಂದೇ, ಭಾಷಾಂತರಕ್ಕೆ ಹೊತ್ತು ಹಿಡಿಯುವುದಿಲ್ಲ! ಆಳಿಲ್ಲದಿದ್ದರೆ ‘ತಿರುಗು’ ಎಂದರಾಯಿತು. ಈ ಎರಡು ಕೂಗು ಸಾಕು; ಮೂರನೆಯದು ಗದ್ದಲ.

ಗದ್ದಲವೆಂದಾಗ ಗೆರೆಯಾಚೆ ನಿಂತ ಹಿರಿಯರ ನೆನಪಾಗುತ್ತದೆ. 2019ರಲ್ಲಿ ನಿಯಮ ಬದಲಾಯಿತು. ಗೋಲ್‌ಕಿಕ್ಕನ್ನು ಈಗ ಪೆನಾಲ್ಟಿ ಆವರಣದೊಳಗೇ ಜೊತೆಯವನು ಪಡೆಯಬಹುದು. ಮಕ್ಕಳು ಅಲ್ಲಿಂದಲೇ ನಿಧಾನವಾಗಿ ಪಾಸು ಕೊಡುತ್ತ ಬರಲು ಯತ್ನಿಸಿದಾಗ ನಮ್ಮವರು ‘ಹೊಡಿ! ದೂರ ಹೊಡಿ!’ ಎಂದು ಗಂಟಲು ಹರಿದುಕೊಳ್ಳುತ್ತಾರೆ. ವಾರವೆಲ್ಲ ಕಲಿತದ್ದು ಆ ಒಂದು ಕೂಗಿಗೆ ಹಾರಿಹೋಗುತ್ತದೆ. ಹಾಗೆ ಆಡುತ್ತ ಎರಡು ಗೋಲು ಬಿಟ್ಟುಕೊಟ್ಟರೆ ಕೊಡಲಿ. ಹತ್ತು ವರ್ಷದ ಮಕ್ಕಳ ಪಂದ್ಯದ ಲೆಕ್ಕವನ್ನು ಯಾರು ಬರೆದಿಡುತ್ತಾರೆ?

ಚೆಂಡು ಕೊಳ್ಳುವವರಿಗೆ: ಎಂಟರಿಂದ ಹನ್ನೆರಡು ವಯಸ್ಸಿನವರಿಗೆ 4ನೆಯ ಅಳತೆ ಸರಿ, 5ನೆಯದು ಹದಿಮೂರರ ಮೇಲೆ. ಸಮುದ್ರದ ಮರಳಿನಲ್ಲಿ ಚೆಂಡು ಪುಟಿಯದು, ಅಲ್ಲಿ ಹಿಡಿತಕ್ಕೆ ತಂದದ್ದನ್ನೇ ಕಲಿತದ್ದೆಂದು ನಂಬದೆ ಗಟ್ಟಿ ನೆಲದಲ್ಲೂ ಆಡಿಸಿರಿ. ಬೇಸಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ, ಕುಡಿಯುವ ನೀರನ್ನು ಮನೆಯಿಂದಲೇ ಕೊಟ್ಟು ಕಳುಹಿಸಿರಿ.